ಜೋತುಬಿದ್ದ ಮುಂದೊಗಲು: ಒಂದು ಬೀಜದ ಹೋರಿಯ ಪ್ರಕರಣ

"ಡಾಕ್ಟ್ರೇ, ಹೋರಿಯ ಹೊಟ್ಟೆ ಕೆಳಗೆ ಏನೋ ಕೆಂಪಗೆ ನೇತಾಡ್ತಿದೆ. ನಿನ್ನೆ ಮೊನ್ನೆಯಿಂದ ಅಷ್ಟೇ."

ಹೋಗಿ ನೋಡಿದರೆ ಅದು ನಿನ್ನೆ ಮೊನ್ನೆಯದಲ್ಲ. ಕಡಿಮೆ ಅಂದರೂ ಒಂದು ವಾರದ್ದು. ನೇತಾಡುತ್ತಿದ್ದ ಚರ್ಮಕ್ಕೆ ಸಗಣಿ ಮೆತ್ತಿ ಒಣಗಿತ್ತು. ಅದರಡಿ ಕೀವು. ತುದಿಯಲ್ಲಿ ಎರಡು ಕಡೆ ಚರ್ಮ ಸತ್ತು ಕಪ್ಪಗಾಗಿತ್ತು. ಯಜಮಾನರು ಸುಳ್ಳು ಹೇಳಿದ್ದಲ್ಲ. ಹೋರಿ ಹಸುಗಳ ಗುಂಪಿನಲ್ಲಿತ್ತು, ಯಾರೂ ಬಗ್ಗಿ ನೋಡಿರಲಿಲ್ಲ, ಅಷ್ಟೇ.

ಹೋರಿಗೆ ಐದು ವರ್ಷ, ತೂಕ ಸುಮಾರು 740 ಕಿಲೋ. ಜೀಬು, ಅಂದರೆ ಹಿಣಿಲಿರುವ ದನಗಳ, ರಕ್ತ ಜಾಸ್ತಿ ಇರುವ ಮಿಶ್ರತಳಿ. ದೊಡ್ಡ ಹಿಣಿಲು, ಅಗಲವಾದ ಗಂಗೆದೊಗಲು, ಅದಕ್ಕೆ ತಕ್ಕ ಹಾಗೆ ಕೆಳಗೆ ಇಳಿಬಿದ್ದ ಒರೆ (ಹೊಟ್ಟೆಯಡಿ ಶಿಶ್ನವನ್ನು ಒಳಗಿಟ್ಟುಕೊಳ್ಳುವ ಚರ್ಮದ ಚೀಲ). ಎರಡು ತಿಂಗಳಿಂದ ಗುಂಪಿನಲ್ಲಿ ಬೆದೆಗೆ ಬಂದ ಹಸುಗಳನ್ನು ಹಾರುತ್ತಿತ್ತು. ಹಿಂದಿನ ವರ್ಷಗಳಲ್ಲಿ ಒಳ್ಳೆಯ ಕರುಗಳನ್ನು ಕೊಟ್ಟಿದೆ. ಹಾಗಾಗಿ ಅದನ್ನು ಉಳಿಸಿಕೊಳ್ಳಬೇಕು ಅನ್ನುವ ಆಸೆ ಸಹಜ.

ಮೊದಲ ದಿನ ಕಂಡದ್ದು

ದನವನ್ನು ಅಲುಗಾಡದಂತೆ ನಿಲ್ಲಿಸುವ ಚೌಕಟ್ಟಾದ ಟ್ರೆವಿಸ್‌ನಲ್ಲಿ ನಿಲ್ಲಿಸಿ, ಬೆಚ್ಚಗಿನ ನೀರಿನಲ್ಲಿ ತೊಳೆದೆ. ಜ್ವರ 39.6 ಡಿಗ್ರಿ ಸೆಲ್ಸಿಯಸ್ ಇತ್ತು. ಮೇವು ತಿನ್ನುವುದು ಅರ್ಧಕ್ಕೆ ಇಳಿದಿತ್ತು. ಹೊರಗೆ ಬಿದ್ದಿದ್ದ ಮುಂದೊಗಲು, ಅಂದರೆ ಒರೆಯ ಒಳಗಿನ ಚರ್ಮ, 14 ಸೆಂಟಿಮೀಟರ್. ಊತ ಎಷ್ಟಿತ್ತೆಂದರೆ ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಕೆಳಮೈಯಲ್ಲಿ ಅಡ್ಡಕ್ಕೆ 5 ಸೆಂಟಿಮೀಟರ್ ಉದ್ದದ ಹರಿದ ಗಾಯ. ಶಿಶ್ನ ಒಳಗೇ ಇತ್ತು. ಮೂತ್ರ ಸಣ್ಣ ಧಾರೆಯಾಗಿ ಬರುತ್ತಿತ್ತು. ಇಂಥ ಹೋರಿಯಲ್ಲಿ ನಾನು ಮೊದಲು ನೋಡುವುದು ಮೂತ್ರವನ್ನು. ಅದು ಕಟ್ಟಿಕೊಂಡಿದ್ದರೆ ಉಳಿದದ್ದೆಲ್ಲ ಆಮೇಲೆ.

ಗಾಯ ಅಡ್ಡಕ್ಕೆ ಇತ್ತು ಅಂದೆ. ಆಗುವಾಗ ಅದು ಅಡ್ಡಕ್ಕೆ ಆಗಿರುವುದಿಲ್ಲ. ಹೋರಿ ಹಸುವನ್ನು ಹಾರಿ ಕೊನೆಯ ನೂಕು ಕೊಡುವಾಗ ಶಿಶ್ನ ಪೂರ್ತಿ ಚಾಚಿರುತ್ತದೆ, ಮುಂದೊಗಲು ಅದರ ಮೇಲೆ ಬಿಗಿಯಾಗಿ ಎಳೆದಿರುತ್ತದೆ. ಆ ಹೊತ್ತಿಗೆ ಚರ್ಮ ಸಿಕ್ಕಿಕೊಂಡರೆ ಉದ್ದಕ್ಕೆ ಸೀಳುತ್ತದೆ, ಹೆಚ್ಚಾಗಿ ಕೆಳಮೈಯಲ್ಲೇ. ಶಿಶ್ನ ಒಳಗೆ ಹೋದಾಗ ಚರ್ಮ ಮಡಿಚಿಕೊಳ್ಳುತ್ತದೆ, ಉದ್ದದ ಸೀಳು ಅಡ್ಡದ ಬಾಯಿ ಆಗುತ್ತದೆ. ಅದು ಹಾಗೇ ಮಾಯುತ್ತದೆ. ಮಾಯುತ್ತಾ ಮಾಯುತ್ತಾ ಬಳೆಯ ಹಾಗೆ ಸುತ್ತಲಿನ ಚರ್ಮವನ್ನು ಎಳೆದು ಬಿಗಿ ಮಾಡುತ್ತದೆ. ಮುಂದೆ ಶಿಶ್ನ ಆಚೆ ಬರಲಾರದೆ ಹೋಗುವುದು ಈ ಬಳೆಯಿಂದ. ಮೊದಲ ಗಾಯ ಎಷ್ಟು ದೊಡ್ಡದಿತ್ತು ಅನ್ನುವುದಕ್ಕಿಂತ ಅದು ಹೇಗೆ ಮಾಯಿತು ಅನ್ನುವುದು ಇಲ್ಲಿ ಮುಖ್ಯ.

ಜೀಬು ಹೋರಿಗಳಲ್ಲಿ ಇದು ಹೆಚ್ಚು ಕಾಣುವುದಕ್ಕೆ ಅವುಗಳ ಮೈಕಟ್ಟೇ ಕಾರಣ. ಒರೆ ಕೆಳಗೆ ಜೋತಿರುತ್ತದೆ, ಬಾಯಿ ಅಗಲ, ಒಳಗಿನ ಚರ್ಮ ಉದ್ದ. ಸ್ವಲ್ಪ ಊದಿದರೂ ಹೊರಗೆ ಜಾರುತ್ತದೆ. ಜಾರಿದ ಮೇಲೆ ಭಾರಕ್ಕೆ ಇನ್ನಷ್ಟು ಊದುತ್ತದೆ, ಊದಿದ್ದಕ್ಕೆ ಇನ್ನಷ್ಟು ಜಾರುತ್ತದೆ. ಕೊಂಬಿಲ್ಲದ ಕೆಲವು ತಳಿಗಳಲ್ಲಿ ಕಾರಣ ಬೇರೆ. ಅಲ್ಲಿ ಮುಂದೊಗಲನ್ನು ಹಿಂದಕ್ಕೆ ಎಳೆಯುವ ಸ್ನಾಯು ಸರಿಯಾಗಿ ಬೆಳೆದಿರುವುದಿಲ್ಲ, ಕೆಲವು ಹೋರಿಗಳಲ್ಲಿ ಇರುವುದೇ ಇಲ್ಲ. ಹೋರಿ ಸುಮ್ಮನೆ ನಿಂತಿದ್ದಾಗಲೂ ಚರ್ಮ ಹೊರಗೆ ಕಾಣುತ್ತಿರುತ್ತದೆ. ಮುಳ್ಳು, ಹುಲ್ಲಿನ ಮೊನೆ, ಬಿಸಿಲು ಎಲ್ಲದಕ್ಕೂ ಅದು ಸಿಗುತ್ತದೆ.

ಇಂಥ ಕೇಸುಗಳನ್ನು ನಾಲ್ಕು ಹಂತವಾಗಿ ನೋಡುವುದು ರೂಢಿ. ಬರೀ ಊತ ಇದ್ದರೆ ಒಂದು. ಊತ ಜಾಸ್ತಿಯಾಗಿ ಮೇಲುಮೇಲಿನ ಗಾಯ ಇದ್ದರೆ ಎರಡು. ಆಳದ ಗಾಯ, ಸತ್ತ ಚರ್ಮ, ಗಟ್ಟಿಯಾಗಲು ಶುರುವಾದ ಅಂಗಾಂಶ ಇದ್ದರೆ ಮೂರು. ಬಹಳ ದಿನ ಹೊರಗಿದ್ದು ಕೊಳೆತು, ಗಡುಸಾಗಿ, ಕೀವುಗಡ್ಡೆಯೂ ಆಗಿದ್ದರೆ ನಾಲ್ಕು. ನಾಲ್ಕನೆಯದರಲ್ಲಿ ಎಷ್ಟೋ ಸಲ ಹೋರಿಯನ್ನು ಬೀಜದಿಂದ ತೆಗೆಯುವುದೇ ದಾರಿ. ನಮ್ಮದು ಮೂರು.

"ಇವತ್ತೇ ಕೊಯ್ದುಬಿಡಿ ಡಾಕ್ಟ್ರೇ. ಹೇಗೂ ಬಂದಿದೀರಲ್ಲ."

ಆಗಲ್ಲ ಅಂದೆ. ಕಾರಣ ಹೇಳುವಾಗ ನನ್ನ ಹಳೆಯ ತಪ್ಪನ್ನೂ ಹೇಳಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಹೀಗೇ ಒಂದು ಹೋರಿಯ ಗಾಯವನ್ನು ಅದೇ ದಿನ ತೊಳೆದು ಹೊಲಿದಿದ್ದೆ. ನೋಡಲು ಚೆನ್ನಾಗಿತ್ತು. ಹತ್ತನೇ ದಿನಕ್ಕೆ ಹೊಲಿಗೆಯ ಹಿಂದೆ ಕೀವು ತುಂಬಿತು. ಮುಂದೊಗಲು ಶಿಶ್ನಕ್ಕೆ ಅಂಟಿಕೊಂಡಿತು. ಆ ಹೋರಿ ಮತ್ತೆ ಯಾವ ಹಸುವನ್ನೂ ಹಾರಲಿಲ್ಲ. ಒರೆಯ ಒಳಗೆ ಯಾವಾಗಲೂ ರೋಗಾಣುಗಳು ಇರುತ್ತವೆ. ಕೊಳೆಯಾದ ಗಾಯವನ್ನು ಹೊಲಿದು ಮುಚ್ಚಿದರೆ ಅವುಗಳಿಗೆ ಬೆಚ್ಚಗಿನ ಮನೆ ಕಟ್ಟಿಕೊಟ್ಟ ಹಾಗೆ. ಕೃತಕ ಯೋನಿಯಲ್ಲಿ ವೀರ್ಯ ತೆಗೆಯುವಾಗ ಚರ್ಮ ಕಿತ್ತುಬಂದರೆ ಮಾತು ಬೇರೆ. ಅದು ಕಣ್ಣೆದುರೇ ಆದ ಶುದ್ಧ ಗಾಯ, ಆಗಲೇ ಹೊಲಿಯಬಹುದು. ಇದು ಅದಲ್ಲ. ಊದಿದ ಚರ್ಮ ಹೊಲಿಗೆಯನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ದಾರ ಚರ್ಮವನ್ನು ಕತ್ತರಿಸಿಕೊಂಡು ಈಚೆ ಬರುತ್ತದೆ.

ಮೂವತ್ತೆಂಟು ದಿನ

ಹೋರಿಯನ್ನು ಗುಂಪಿನಿಂದ ಬೇರೆ ಮಾಡಿದೆವು. ಪೆನಿಸಿಲಿನ್ ಶುರು ಮಾಡಿದೆ. ನೋವು, ಊತಕ್ಕೆ ಕಿಲೋಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ ಮೆಲಾಕ್ಸಿಕ್ಯಾಮ್ ಕೊಟ್ಟೆ. ಮೊದಲ ನಾಲ್ಕು ದಿನ, ದಿನಕ್ಕೆರಡು ಸಲ 15 ನಿಮಿಷ ತಣ್ಣೀರಿನ ಧಾರೆ. ಆಮೇಲೆ ಎಪ್ಸಂ ಉಪ್ಪು ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸುವುದು. ಸತ್ತ ಚರ್ಮ ತಾನಾಗಿ ಸಡಿಲಗೊಂಡದ್ದನ್ನು ಮಾತ್ರ ಕತ್ತರಿಸಿದೆ, ಎಳೆದು ಕೀಳಲಿಲ್ಲ.

ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕಟ್ಟು. ಒರೆಯ ಒಳಗೆ ಒಂದು ಅಂಗುಲ ದಪ್ಪದ ಮೆತ್ತನೆಯ ರಬ್ಬರ್ ಕೊಳವೆ ಇಟ್ಟೆ, ಮೂತ್ರ ಅದರ ಮೂಲಕ ಆಚೆ ಹೋಗಲಿ ಅಂತ. ಚರ್ಮಕ್ಕೆ ಲ್ಯಾನೋಲಿನ್ ಸೇರಿಸಿದ ಆಂಟಿಬಯಾಟಿಕ್ ಮುಲಾಮು. ಅದರ ಮೇಲೆ ಬಟ್ಟೆಯ ಕಾಲುಚೀಲದಂಥ ಹೊದಿಕೆ, ಅದರ ಮೇಲೆ ಹಿಗ್ಗುವ ಅಂಟುಪಟ್ಟಿ. ಪಟ್ಟಿಯನ್ನು ತುದಿಯಿಂದ ಶುರು ಮಾಡಿ ಮೇಲೆ ಕೂದಲಿರುವ ಚರ್ಮದವರೆಗೆ ಸುತ್ತಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಊತವನ್ನು ತುದಿಗೇ ತಳ್ಳಿದ ಹಾಗಾಗುತ್ತದೆ. ಬಿಗಿ ಎಷ್ಟಿರಬೇಕು ಅನ್ನುವುದು ಕೈಗೆ ಬರುವ ಲೆಕ್ಕ. ಎರಡನೇ ಸಲ ನಾನೇ ಸ್ವಲ್ಪ ಬಿಗಿ ಮಾಡಿಬಿಟ್ಟೆ. ಮರುದಿನ ತುದಿ ನೀಲಿಗಟ್ಟುತ್ತಿತ್ತು, ತಕ್ಷಣ ಬಿಚ್ಚಿದೆ. ಅಲ್ಲಿಂದ ಮುಂದೆ ಎರಡು ದಿನಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಕಟ್ಟಿದೆವು. ಈ ಕೆಲಸದ ಬಹುಪಾಲು ಮಾಡಿದವರು ಹೋರಿ ನೋಡಿಕೊಳ್ಳುವ ಹುಡುಗ ಮತ್ತು ಯಜಮಾನರು. ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ.

ಐದನೇ ದಿನ ಜ್ವರ ಇಳಿಯಿತು. ಹದಿಮೂರನೇ ದಿನಕ್ಕೆ ಮುಂದೊಗಲು ಒಳಗೆ ಹೋಗಿ ಅಲ್ಲೇ ನಿಂತಿತು. ಯಜಮಾನರಿಗೆ ಖುಷಿ. "ವಾಸಿಯಾಯ್ತಲ್ಲ, ಇನ್ನು ಬಿಡಬಹುದಾ?" ಅಂದರು. ಹೊರಗಿನಿಂದ ನೋಡಿದರೆ ಹೌದು, ವಾಸಿಯಾದ ಹಾಗೇ ಇತ್ತು. ಆದರೆ ಒರೆಯ ಹೊರಗಿನಿಂದ ಕೈಯಾಡಿಸಿದರೆ ಒಳಗೆ ಗಟ್ಟಿ ಉಂಗುರ ಸಿಗುತ್ತಿತ್ತು. ಇಪ್ಪತ್ತೊಂಬತ್ತನೇ ದಿನ ಬೆರಳು ಹಾಕಿ ನೋಡಿದೆ. ಎರಡು ಬೆರಳು ಕಷ್ಟದಲ್ಲಿ ತೂರುತ್ತಿದ್ದವು. ಆ ಜಾಗದಲ್ಲಿ ಶಿಶ್ನ ಚಾಚಿ ಬರುವುದು ಸಾಧ್ಯವೇ ಇರಲಿಲ್ಲ.

ಆಗಲೂ ತಕ್ಷಣ ಕೊಯ್ಯಲಿಲ್ಲ. ಇನ್ನೊಂದು ವಾರ ಕಾದೆ. ಕೀವು ಪೂರ್ತಿ ನಿಂತಿರಬೇಕು, ಸುತ್ತಲಿನ ಚರ್ಮ ಮೆತ್ತಗಾಗಿರಬೇಕು, ಗಡುಸಾದ ಭಾಗಕ್ಕೂ ಒಳ್ಳೆಯ ಚರ್ಮಕ್ಕೂ ಗಡಿ ಸ್ಪಷ್ಟವಾಗಿ ಗೊತ್ತಾಗಬೇಕು. ಊತ ಇರುವಾಗ ಎಲ್ಲವೂ ಕೆಟ್ಟದ್ದೇ ಅನ್ನಿಸುತ್ತದೆ. ಕಾದರೆ ಕೊಯ್ಯಬೇಕಾದದ್ದು ಚಿಕ್ಕದಾಗುತ್ತದೆ. ಮೊದಲ ದಿನ ಕೊಯ್ದಿದ್ದರೆ ಹೊರಗಿದ್ದ 14 ಸೆಂಟಿಮೀಟರನ್ನೂ ತೆಗೆಯುತ್ತಿದ್ದೆನೋ ಏನೋ. ಈಗ ನಿಜವಾಗಿ ಗಡುಸಾಗಿದ್ದದ್ದು ಅದರ ಅರ್ಧದಷ್ಟು.

ಯಾವ ವಿಧಾನ?

ದಾರಿ ಎರಡಿದ್ದವು. ಒಂದು, ಹೊರಗೆ ಬಿದ್ದ ಚರ್ಮದೊಳಗೆ ಪ್ಲಾಸ್ಟಿಕ್ ಉಂಗುರ ಇಟ್ಟು, ಅದರ ಮೇಲೆ ಸುತ್ತ ಹೊಲಿದು ಬಿಗಿಮಾಡುವುದು. ರಕ್ತ ಸಿಗದೆ ತುದಿಯ ಭಾಗ ಒಂದೆರಡು ವಾರದಲ್ಲಿ ತಾನೇ ಬಿದ್ದುಹೋಗುತ್ತದೆ. ಸಲಕರಣೆ ಕಡಿಮೆ, ರಕ್ತ ಹೋಗುವುದೂ ಕಡಿಮೆ. ಆದರೆ ಬಿದ್ದ ಜಾಗದಲ್ಲಿ ಮತ್ತೆ ಬಿಗಿ ಉಂಗುರ ಆಗುವ ಭಯ ಜಾಸ್ತಿ. ಇನ್ನೊಂದು, ಶಿಶ್ನವನ್ನು ಪೂರ್ತಿ ಚಾಚಿಸಿ, ಗಡುಸಾದ ಪಟ್ಟಿಯನ್ನು ಮಾತ್ರ ಸುತ್ತ ಕೊಯ್ದು ತೆಗೆದು, ಎರಡು ಅಂಚುಗಳನ್ನು ಸೇರಿಸಿ ಹೊಲಿಯುವುದು. ಇದರಲ್ಲಿ ಹೋರಿಯನ್ನು ಮಲಗಿಸಬೇಕು, ಕೆಲಸ ನಿಧಾನ. ಬೀಜಕ್ಕೆ ಉಳಿಯಬೇಕಾದ ಹೋರಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಅದಕ್ಕೂ ಮೊದಲು ಯಜಮಾನರ ಜೊತೆ ಒಂದು ಕಷ್ಟದ ಮಾತು ಆಡಬೇಕಿತ್ತು. ಗಾಯ ಆಕಸ್ಮಿಕ, ನಿಜ. ಆದರೆ ಜೋತಾಡುವ ಒರೆ ಹುಟ್ಟಿನಿಂದ ಬಂದದ್ದು. ಅದು ಮಕ್ಕಳಿಗೂ ಹೋಗುತ್ತದೆ. ನಾನು ಹೊಲಿದು ಚಂದ ಮಾಡಿ ಕೊಟ್ಟರೆ ಆ ದೋಷ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ಮೈಕಟ್ಟಿನ ದೋಷವೇ ಮೂಲವಾಗಿದ್ದರೆ ನಾನು ಕತ್ತಿ ಹಿಡಿಯುವುದೇ ಇಲ್ಲ. ಇಲ್ಲಿ ಐದು ವರ್ಷ ಏನೂ ಆಗಿರಲಿಲ್ಲ, ಗಾಯದ ನಂತರವೇ ಎಲ್ಲ ಶುರುವಾದದ್ದು. ಹಾಗಾಗಿ ಒಪ್ಪಿಕೊಂಡೆ. ಒಂದು ಷರತ್ತು ಹಾಕಿದೆ: ಇದರ ಗಂಡುಕರುಗಳಲ್ಲಿ ಒರೆ ಇಳಿಬಿದ್ದವನ್ನು ಬೀಜಕ್ಕೆ ಇಟ್ಟುಕೊಳ್ಳಬಾರದು. ಯಜಮಾನರು ತಲೆಯಾಡಿಸಿದರು. ಆ ತಲೆಯಾಟವನ್ನು ನಾನು ಅಂದು ಅಷ್ಟಾಗಿ ನಂಬಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ

ಮೂವತ್ತೆಂಟನೇ ದಿನ. ಹಿಂದಿನ ದಿನವಿಡೀ ಮೇವು ಇಲ್ಲ, ರಾತ್ರಿಯಿಂದ ನೀರೂ ಇಲ್ಲ. ದೊಡ್ಡ ದನವನ್ನು ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಹೊಟ್ಟೆಯೊಳಗಿನದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಬಲ ಮಗ್ಗುಲಿಗೆ ಮಲಗಿಸಿದೆವು, ಉಬ್ಬುವ ಎಡಭಾಗ ಮೇಲಿರಲಿ ಅಂತ. ಕೆಳಗಾದ ಭುಜಕ್ಕೆ ದಪ್ಪ ಹಾಸು ಹಾಕಿದೆವು. ಹಾಸು ಮರೆತರೆ, 740 ಕಿಲೋ ಭಾರ ಮುಂಗಾಲಿನ ನರದ ಮೇಲೆ ಕೂತು, ಎದ್ದಾಗ ಹೋರಿ ಕಾಲು ಊರಲಾರದು.

ಮಂಪರಿಗೆ ಜೈಲಜೀನ್, ಕಿಲೋಗೆ 0.05 ಮಿಲಿಗ್ರಾಂ, ರಕ್ತನಾಳಕ್ಕೆ. ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ ದನಕ್ಕೆ ಸಾಕು. ಇದನ್ನು ಮರೆತವರು ಇದ್ದಾರೆ, ಮರೆತದ್ದಕ್ಕೆ ದನ ಬೆಲೆ ಕೊಟ್ಟದ್ದೂ ಇದೆ. ಆಮೇಲೆ ಸುತ್ತಲೂ ಲಿಗ್ನೋಕೇನ್ ಕೊಟ್ಟು ಜಾಗವನ್ನು ಮರಗಟ್ಟಿಸಿದೆ.

ಶಿಶ್ನ ಆಚೆ ಬರಬೇಕಲ್ಲ, ಉಂಗುರ ಬಿಡುತ್ತಿರಲಿಲ್ಲ. ಉಂಗುರವನ್ನು ಉದ್ದಕ್ಕೆ ಒಂದು ಕಡೆ ಸೀಳಿ ಸಡಿಲ ಮಾಡಿದೆ. ಆ ಭಾಗ ಹೇಗೂ ಹೋಗುವುದೇ. ನಂತರ ಶಿಶ್ನವನ್ನು ಹಿಡಿದು ನಿಧಾನಕ್ಕೆ ಚಾಚಿಸಿ, ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದೆ. ಈಗ ಚರ್ಮ ಸುಕ್ಕಿಲ್ಲದೆ ಎಳೆದು ನಿಂತಿತು. ಕತ್ತಿ ಮುಟ್ಟುವ ಮೊದಲು ಅಳತೆಪಟ್ಟಿ ತೆಗೆದೆ.

ಈ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವುದು ಇದೇ ಜಾಗದಲ್ಲಿದೆ. ಎಷ್ಟು ಕೊಯ್ಯಬೇಕು ಅಂತ ಅಳೆಯಬಾರದು, ಎಷ್ಟು ಉಳಿಯುತ್ತದೆ ಅಂತ ಅಳೆಯಬೇಕು. ಶಿಶ್ನದ ತುದಿಯಲ್ಲಿ ಮುಂದೊಗಲು ಅಂಟಿರದ ಬಿಡಿ ಭಾಗ ಇರುತ್ತದಲ್ಲ, ಉಳಿಯುವ ಮುಂದೊಗಲು ಕನಿಷ್ಠ ಅದರ ಎರಡರಷ್ಟು ಉದ್ದ ಇರಬೇಕು. ಒಂದೂವರೆಯಷ್ಟು ಸಾಕು ಅನ್ನುವವರೂ ಇದ್ದಾರೆ. ನಾನು ಎರಡರ ಕೆಳಗೆ ಇಳಿಯುವುದಿಲ್ಲ. ಕಡಿಮೆಯಾದರೆ ಶಿಶ್ನ ಪೂರ್ತಿ ಚಾಚುವುದಿಲ್ಲ, ಹೋರಿ ಹಾರುತ್ತದೆ, ಮುಟ್ಟುವುದಿಲ್ಲ. ನಮ್ಮ ಹೋರಿಯಲ್ಲಿ ಬಿಡಿ ಭಾಗ 10 ಸೆಂಟಿಮೀಟರ್. ಮುಂದೊಗಲು ಒಟ್ಟು 36. ಗಡುಸಾದ ಪಟ್ಟಿ 7. ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿದರೆ 9. ಉಳಿಯುವುದು 27.

ನನ್ನ ಜೊತೆಗಿದ್ದ ಕಿರಿಯ ವೈದ್ಯರು, "ಸರ್, ಇನ್ನೊಂದು ಆರು ಸೆಂಟಿಮೀಟರ್ ತೆಗೆದುಬಿಡೋಣ. ಮತ್ತೆ ಜಾರೋದೇ ಇಲ್ಲ. 21 ಉಳಿಯುತ್ತೆ, ಸಾಕಲ್ವಾ?" ಅಂದರು. ಲೆಕ್ಕದಲ್ಲಿ ಸಾಕು. ಆದರೆ ನಾವು ಅಳೆದದ್ದು ಮರಗಟ್ಟಿಸಿ ಎಳೆದಿಟ್ಟ ಚರ್ಮವನ್ನು. ಹೊಲಿಗೆ ಮಾಯುವಾಗ ಅದೂ ಸ್ವಲ್ಪ ಕುಗ್ಗುತ್ತದೆ. ಆಮೇಲೆ ಮತ್ತೆ ಜಾರಿದರೆ ಇನ್ನೊಮ್ಮೆ ಕೊಯ್ಯಬಹುದು, ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು. ಜೀಬು ಹೋರಿಯಾದ್ದರಿಂದ ಇಷ್ಟಾದರೂ ಚರ್ಚೆಗೆ ಜಾಗ ಇತ್ತು. ಹಿಣಿಲಿಲ್ಲದ ತಳಿಯಲ್ಲಿ ಹೆಚ್ಚುವರಿ ಚರ್ಮವೇ ಇರುವುದಿಲ್ಲ, ಅಲ್ಲಿ ಒಂದೊಂದು ಸೆಂಟಿಮೀಟರಿಗೂ ಲೆಕ್ಕ.

ಮೇಲೆ, ಕೆಳಗೆ, ಎರಡು ಪಕ್ಕ ಗುರುತು ಹೊಲಿಗೆ ಹಾಕಿಕೊಂಡೆ, ಸೇರಿಸುವಾಗ ಚರ್ಮ ತಿರುಚಬಾರದು ಅಂತ. ಆಮೇಲೆ ಸುತ್ತ ಎರಡು ಗೆರೆ ಕೊಯ್ದು, ಅವನ್ನು ಉದ್ದದ ಒಂದು ಗೆರೆಯಿಂದ ಸೇರಿಸಿ, ಪಟ್ಟಿಯನ್ನು ಬಿಡಿಸುತ್ತಾ ಹೋದೆ. ಇಲ್ಲಿ ಆತುರ ಬೇಡ. ಚರ್ಮದ ಅಡಿಯಲ್ಲಿ ತೆಳ್ಳಗಿನ, ಹಿಗ್ಗುವ ಪದರಗಳಿವೆ. ಶಿಶ್ನ ಜಾರಿ ಆಚೆ ಬರುವುದು, ಒಳಗೆ ಹೋಗುವುದು ಇವುಗಳ ಮೇಲೆ. ಗಡುಸಾದದ್ದು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಮಾತ್ರ ಬಿಡಿಸಬೇಕು. ಕೆಳಮೈಯಲ್ಲಿ, ಹಳೆಯ ಗಾಯದ ಜಾಗದಲ್ಲಿ, ಎರಡು ಪದರ ಒಂದಕ್ಕೊಂದು ಅಂಟಿದ್ದವು. ಅದನ್ನು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು.

ಹೊಲಿಯುವ ಮೊದಲು ರಬ್ಬರ್ ಪಟ್ಟಿಯನ್ನು ಸಡಿಲಿಸಿದೆ. ಮೂರು ಕಡೆ ರಕ್ತ ಚಿಮ್ಮಿತು, ಕಟ್ಟಿದೆ. ಪಟ್ಟಿ ಬಿಚ್ಚದೆ ಹೊಲಿದಿದ್ದರೆ ಆ ಮೂರೂ ಒಳಗೆ ರಕ್ತಗಡ್ಡೆ ಮಾಡಿ ಹೊಲಿಗೆಯನ್ನು ಒಡೆಯುತ್ತಿದ್ದವು. ಒಳಪದರಕ್ಕೆ ಕರಗುವ ದಾರ, ಚರ್ಮಕ್ಕೂ ಅದೇ, ಬಿಡಿಬಿಡಿ ಹೊಲಿಗೆ. ಉದ್ದಕ್ಕೆ ಒಂದೇ ದಾರ ಓಡಿಸಿದರೆ ಅದು ಎಳೆದು ಚೀಲದ ಬಾಯಿಯ ಹಾಗೆ ಬಿಗಿಯುತ್ತದೆ. ಯಾವ ಬಳೆಯನ್ನು ತೆಗೆಯಲು ಇಷ್ಟೆಲ್ಲ ಮಾಡಿದೆವೋ ಅದೇ ಬಳೆಯನ್ನು ನಮ್ಮ ಕೈಯಾರೆ ಹಾಕಿದ ಹಾಗೆ.

ಕೊನೆಗೆ, ಶಿಶ್ನದ ಬಿಡಿ ಭಾಗಕ್ಕೆ ಪೆನ್ರೋಸ್ ಅನ್ನುವ ತೆಳ್ಳಗಿನ, ಮೆತ್ತನೆಯ ರಬ್ಬರ್ ಕೊಳವೆಯನ್ನು ತೊಡಿಸಿ ನಾಲ್ಕು ಹೊಲಿಗೆಯಲ್ಲಿ ನಿಲ್ಲಿಸಿದೆ. ಮೂತ್ರನಾಳ ಕೆಳಮೈಯಲ್ಲಿರುತ್ತದೆ, ಸೂಜಿ ಅಲ್ಲಿಗೆ ಹೋಗಬಾರದು. ಮೂತ್ರ ಈ ಕೊಳವೆಯಲ್ಲಿ ಹರಿದು ಒರೆಯ ಆಚೆ ಬೀಳುತ್ತದೆ, ಹೊಸ ಹೊಲಿಗೆಯನ್ನು ನೆನೆಸುವುದಿಲ್ಲ. ಶಿಶ್ನವನ್ನು ಒಳಗೆ ಬಿಟ್ಟು, ಒರೆಯನ್ನು ಮೊದಲಿನ ಹಾಗೇ ಕಟ್ಟಿದೆ. ಎಲ್ಲ ಸೇರಿ ಎರಡು ಗಂಟೆ ಹತ್ತು ನಿಮಿಷ. ಹೋರಿ ಎದ್ದು ನಿಂತು ಮೂತ್ರ ಮಾಡುವವರೆಗೆ ನಾವು ಯಾರೂ ಊಟಕ್ಕೆ ಹೋಗಲಿಲ್ಲ.

ಆಮೇಲೆ

ಮೂರನೇ ದಿನ ಕಟ್ಟು ಬದಲಿಸಿದಾಗ ಚೆನ್ನಾಗಿತ್ತು. ಆರನೇ ದಿನ ಕೆಳಮೈಯಲ್ಲಿ 2 ಸೆಂಟಿಮೀಟರ್ ಹೊಲಿಗೆ ಬಿಟ್ಟಿತ್ತು. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಿಂದಿನ ರಾತ್ರಿ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಹಸು ಬೆದೆಗೆ ಬಂದಿತ್ತು. ಹೋರಿ ರಾತ್ರಿಯಿಡೀ ಗೋಡೆಗೆ ಮೂತಿ ಹಚ್ಚಿ ನಿಂತಿತ್ತಂತೆ. ಹಸುಗಳಿಂದ ದೂರ ಇಡಿ ಅಂತ ನಾನು ಹೇಳಿದ್ದೆ. ಎಷ್ಟು ದೂರ ಅಂತ ಹೇಳಿರಲಿಲ್ಲ. ನೋಡದಷ್ಟು ದೂರ ಸಾಲದು, ವಾಸನೆಯೂ ಬರಬಾರದು. ಅಂದೇ ಹೋರಿಯನ್ನು ಜಮೀನಿನ ಆಚೆ ತುದಿಗೆ ಸಾಗಿಸಿದೆವು. ಬಿಟ್ಟ ಜಾಗವನ್ನು ಮತ್ತೆ ಹೊಲಿಯಲಿಲ್ಲ. ದಿನಾ ತೊಳೆದು ಮುಲಾಮು ಹಾಕಿ ತಾನಾಗಿ ಮಾಯಲು ಬಿಟ್ಟೆವು. ಎಂಟನೇ ದಿನ ಪೆನ್ರೋಸ್ ಕೊಳವೆ ತೆಗೆದೆ. ಹದಿನಾಲ್ಕನೇ ದಿನದಿಂದ ಎರಡು ದಿನಕ್ಕೊಮ್ಮೆ ಕೈಯಿಂದ ಮೆಲ್ಲಗೆ ಚಾಚಿಸಿ ನೋಡುತ್ತಿದ್ದೆವು, ಒಳಗೆ ಎಲ್ಲೂ ಅಂಟಿಕೊಳ್ಳದಿರಲಿ ಅಂತ.

ಅರವತ್ತು ದಿನ ಹಸುವಿನ ಸಂಗ ಇಲ್ಲ. ಯಜಮಾನರಿಗೆ ಈ ಎರಡು ತಿಂಗಳು ಶಸ್ತ್ರಚಿಕಿತ್ಸೆಗಿಂತ ಕಷ್ಟವಾಯಿತು. ವಾರಕ್ಕೊಮ್ಮೆ ಫೋನ್. "ಕುಣೀತಾ ಇದೆ ಡಾಕ್ಟ್ರೇ, ಒಂದು ಸಲ ಬಿಡೋಣ್ವಾ?" ಪ್ರತಿ ಸಲ ಇಲ್ಲ ಅಂದೆ.

ಅರವತ್ತೆರಡನೇ ದಿನ ವೀರ್ಯ ತೆಗೆದು ನೋಡಿದೆ. ಶಿಶ್ನ ಪೂರ್ತಿ ಚಾಚಿತು, ಹೊಲಿಗೆಯ ಗೆರೆ ಮೆತ್ತಗಿತ್ತು. ವೀರ್ಯ ಮಾತ್ರ ಸಪ್ಪೆ. ಸರಿಯಾದ ಆಕಾರದ ವೀರ್ಯಾಣುಗಳು ನೂರಕ್ಕೆ 58. ಕನಿಷ್ಠ 70 ಬೇಕು. ಯಜಮಾನರ ಮುಖ ಬಾಡಿತು. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು, ಆಮೇಲೆ ಹೊರದಾರಿಯ ಪ್ರಯಾಣಕ್ಕೆ ಇನ್ನೊಂದಷ್ಟು ದಿನ. ಇವತ್ತು ಕೈಗೆ ಬಂದದ್ದು ಕಟ್ಟು, ನೋವು, ಊತದ ಕಾಲದಲ್ಲಿ ತಯಾರಾದದ್ದು. ಇನ್ನೊಂದು ತಿಂಗಳು ಕಾಯಿರಿ ಅಂದೆ. ತೊಂಬತ್ತೈದನೇ ದಿನ 76 ಬಂತು. ಚಲನೆ ನೂರಕ್ಕೆ 60. ವೃಷಣದ ಸುತ್ತಳತೆ 37 ಸೆಂಟಿಮೀಟರ್, ಎರಡು ವರ್ಷ ದಾಟಿದ ಹೋರಿಗೆ ಬೇಕಾದ 34ಕ್ಕಿಂತ ಮೇಲೆ.

ಬೆದೆಯಲ್ಲಿದ್ದ ಸಾಧು ಹಸು ಒಂದನ್ನು ತಂದು ಬಿಟ್ಟೆವು. ಮೊದಲ ಎರಡು ಸಲ ಹೋರಿ ಹತ್ತಿ ಹಾಗೇ ಇಳಿಯಿತು. ಹಳೆಯ ನೋವು ನೆನಪಿತ್ತೋ ಏನೋ. ಮೂರನೇ ಸಲ ಹಾರಿತು. ಇಳಿದ ಕೂಡಲೇ ನಾನು ಬಗ್ಗಿ ನೋಡಿದೆ. ಹೊಲಿಗೆಯ ಜಾಗದಲ್ಲಿ ರಕ್ತ ಇರಲಿಲ್ಲ. ಮುಂದೊಗಲು ಒಳಗೆ ಹೋಯಿತು, ಅಲ್ಲೇ ನಿಂತಿತು.

ಆ ಹಸು ಗಬ್ಬ ಕಟ್ಟಿತು. ಆ ಸಾಲಿನಲ್ಲಿ ಹುಟ್ಟಿದ ಗಂಡುಕರುಗಳಲ್ಲಿ ಮೂರರ ಒರೆ ಅಪ್ಪನ ಹಾಗೇ ಇಳಿಬಿದ್ದಿತ್ತು. ಅವು ಒಂದು ವರ್ಷದವಾದಾಗ ನಾನು ಹೋಗಿದ್ದೆ, ಬೇರೆ ಕೆಲಸಕ್ಕೆ. ಕೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಯಜಮಾನರೇ ಕೊಟ್ಟಿಗೆಯ ಕಡೆ ಕೈ ತೋರಿಸಿದರು. "ಆ ಮೂರಕ್ಕೂ ಬೀಜ ಒಡೆಸಿದೀನಿ ಡಾಕ್ಟ್ರೇ. ಹೋದ ತಿಂಗಳೇ."